ಪದದ ಸಹವಾಸ ನೋಡಿ

ಗೆಳೆಯರೇ, ಒಳಗೆ ಬರುವಾಗ ಬಾಗಿಲ ಬಳಿ ನಿಮ್ಮಲ್ಲೊಬ್ಬರು ಪಟ್ಟಿ ಹಿಡಿದು ಉರು ಹೊಡೆಯುತ್ತಿದ್ದರು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅರ್ಥ, ನಡುವೆ ಸಮ ಚಿಹ್ನೆ. ನನ್ನ ಜಗಳವೆಲ್ಲ ಆ ಸಮ ಚಿಹ್ನೆಯ ಜೊತೆ.

ನನ್ನ ವಿದ್ಯಾರ್ಥಿಯೊಬ್ಬ ಮೇಷ್ಟ್ರೊಬ್ಬರ ಬೀಳ್ಕೊಡುಗೆಗೆ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ವಾರವಿಡೀ ತಯಾರಿ ನಡೆಸಿದ. 'ಫೇಮಸ್' ತೀರಾ ಸಪ್ಪೆ ಅನ್ನಿಸಿತು. ಪಟ್ಟಿ ತೆಗೆದು ನೋಡಿದರೆ 'ನಟೋರಿಯಸ್' ಸಿಕ್ಕಿತು, ಅರ್ಥ, ಪ್ರಸಿದ್ಧ. ಪದ ಎಷ್ಟು ಗಂಭೀರವಾಗಿದೆ ನೋಡಿ! ಎದೆಯುಬ್ಬಿಸಿ ವೇದಿಕೆ ಹತ್ತಿದವನು "ಅವರ್ ನಟೋರಿಯಸ್ ಟೀಚರ್" ಅಂದುಬಿಟ್ಟ. ಸಭೆ ಗಪ್ಪಾಯಿತು. ಮೇಷ್ಟ್ರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟು, "ಇನ್ನೂ ಪೊಲೀಸರ ಕೈಗೆ ಸಿಕ್ಕಿಲ್ಲ ಮಗೂ" ಅಂದರು. ಎಲ್ಲರೂ ನಕ್ಕರು, ಹುಡುಗ ಮಾತ್ರ ಅತ್ತ. ಅವನ ಶ್ರಮಕ್ಕೇನೂ ಕೊರತೆ ಇರಲಿಲ್ಲ. ಆ ಪದ ಸದಾ ಕಳ್ಳರು, ಕೊಲೆಗಾರರ ಜೊತೆಯೇ ಓಡಾಡುತ್ತದೆ, ಅದು 'ಕುಖ್ಯಾತ' ಎಂದು ಅವನಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ.

ಮನುಷ್ಯರಿಗಿರುವಂತೆ ಪದಕ್ಕೂ ಸಹವಾಸವಿದೆ. ತಲೆ, ಶಿರ ಎರಡೂ ಒಂದೇ ಅಲ್ಲವೇ? ಆದರೂ 'ಶಿರನೋವು' ಅಂತ ಯಾರಾದರೂ ಮಾತ್ರೆ ಕೇಳುತ್ತಾರೆಯೇ? ನಮಗದನ್ನು ಯಾವ ಪಟ್ಟಿಯೂ ಕಲಿಸಲಿಲ್ಲ. ಸಾವಿರ ಸಲ ವಾಕ್ಯದಲ್ಲಿ ಕೇಳಿ ಕಲಿತೆವು. 'ಡಿಸಿಂಟರೆಸ್ಟೆಡ್' ನೋಡಿ. ಆಸಕ್ತಿ ಇಲ್ಲದ ಎಂದು ಬರೆದುಕೊಂಡವರು ಎಷ್ಟೋ ಜನ. 'ಡಿಸಿಂಟರೆಸ್ಟೆಡ್ ಜಡ್ಜ್' ಅಂದರೆ ಸ್ವಂತ ಲಾಭದ ಲೆಕ್ಕವಿಲ್ಲದ, ಪಕ್ಷಪಾತವಿಲ್ಲದ ನ್ಯಾಯಾಧೀಶ. ವಾದ ನಡೆಯುವಾಗ ತೂಕಡಿಸುವವರಿಗೆ 'ಅನಿಂಟರೆಸ್ಟೆಡ್' ಅನ್ನಬೇಕು. ಪಕ್ಕದಲ್ಲಿ ಜಡ್ಜ್ ಇದ್ದುದರಿಂದಲೇ ಅರ್ಥ ತಿಳಿಯಾಯಿತು.

ನಿಘಂಟು ಹುಟ್ಟಿದ್ದೂ ಹೀಗೆಯೇ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಕಂತು 1884ರಲ್ಲಿ ಬಂತು, ಕೊನೆಯದು 1928ರಲ್ಲಿ. ಸಂಪಾದಕ ಜೇಮ್ಸ್ ಮರ್ರೆ ಅದು ಮುಗಿಯುವುದನ್ನು ನೋಡದೆ 1915ರಲ್ಲೇ ತೀರಿಕೊಂಡರು. ಸಾವಿರಾರು ಸ್ವಯಂಸೇವಕರು ಪುಸ್ತಕ ಓದಿ, ಪದ ಬಂದ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಅಚ್ಚಾದ ಉದಾಹರಣೆಗಳೇ 18 ಲಕ್ಷಕ್ಕೂ ಹೆಚ್ಚು. ಮೊದಲು ವಾಕ್ಯ ಬಂತು, ಅರ್ಥ ಆಮೇಲೆ. ನಾವು ಮಾತ್ರ ವಾಕ್ಯವನ್ನು ಸಿಪ್ಪೆಯಂತೆ ಎಸೆದು ಅರ್ಥ ನುಂಗಲು ನೋಡುತ್ತೇವೆ.

ಎರಡನೆಯದು, ಪದದ ಬೇರು. ಇದು ನನಗೆ ಬಹಳ ಪ್ರೀತಿಯ ವಿಷಯ. 'ಕ್ಯಾಂಡಿಡೇಟ್' ಎಲ್ಲರಿಗೂ ಗೊತ್ತು. ಲ್ಯಾಟಿನ್‌ನಲ್ಲಿ 'ಕ್ಯಾಂಡಿಡಸ್' ಅಂದರೆ ಬೆಳ್ಳಗೆ ಹೊಳೆಯುವ. ರೋಮಿನಲ್ಲಿ ಚುನಾವಣೆಗೆ ನಿಂತವರು ಸೀಮೆಸುಣ್ಣ ತಿಕ್ಕಿ ಬಿಳುಪಾಗಿಸಿದ ನಿಲುವಂಗಿ ತೊಡುತ್ತಿದ್ದರು. ಅದೇ ಬೇರಿನಿಂದ ಮುಚ್ಚುಮರೆಯಿಲ್ಲದ 'ಕ್ಯಾಂಡಿಡ್', ಕಾದು ಬೆಳಗುವ 'ಇನ್‌ಕ್ಯಾಂಡಿಸೆಂಟ್'. ಇನ್ನೂ ಹಿಂದಕ್ಕೆ ಹೋದರೆ ನಮ್ಮ 'ಚಂದ್ರ'ನೂ ಇದೇ ವಂಶದವನು! ಇದನ್ನು ಮೊದಲ ಸಲ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಹಾಗೆಂದು ಪದದ ಬೇರನ್ನಷ್ಟೇ ನಂಬಬೇಡಿ. 'ನೈಸ್' ಪದದ ಬೇರಿಗೆ 'ಏನೂ ತಿಳಿಯದ' ಎಂಬ ಅರ್ಥವಿತ್ತು. ಕೊನೆಗೂ ಸಹವಾಸವನ್ನೇ ಕೇಳಬೇಕು.

ಸಮಯವಾಯಿತೆಂದು ಚೀಟಿ ಬಂದಿದೆ. ನೆನಪಿನ ಬಗ್ಗೆ ಅರ್ಧ ಗಂಟೆ ಹೇಳುವುದಿತ್ತು, ಎರಡೇ ಮಾತು ಹೇಳುತ್ತೇನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ದಿನ ಕಳೆಯುವಷ್ಟರಲ್ಲಿ ಬಹುಪಾಲು ಜಾರಿಹೋಗುತ್ತಿತ್ತು. ಹಾಗಾಗಿ ಹೊಸ ಪದವನ್ನು ನಾಳೆ ನೋಡಿ, ಮೂರು ದಿನ ಬಿಟ್ಟು ನೋಡಿ, ವಾರ ಬಿಟ್ಟು ನೋಡಿ. ದಿನಕ್ಕೆ ಮೂರು ಪದ ಸಾಕು. ಪುಟಕ್ಕೊಂದು ಪದ ಬರೆದು, ಅದು ಸಿಕ್ಕ ವಾಕ್ಯ ಇಳಿಸಿಕೊಳ್ಳಿ, ಕೆಳಗೆ ನಿಮ್ಮದೇ ಒಂದು ವಾಕ್ಯ ಬರೆಯಿರಿ.

ಹಿಂದಿನ ಸಾಲಿನಲ್ಲಿ ಕೈ ಎತ್ತಿದ್ದೀರಿ. ಹೇಳಿ ತಾಯಿ, ಯಾವ ಪದ? ತಡೀರಿ, ಅದು ಸಿಕ್ಕ ವಾಕ್ಯವನ್ನು ಮೊದಲು ಓದಿ.