ಬಾಸ್ ಎಂಬ ಪದದ ಹಿಂದೆ

ಕೇಳುಗರೇ, ನಮಸ್ಕಾರ.

ಬೆಂಗಳೂರಿನ ಬೀದಿಯಲ್ಲಿ ದಿನಕ್ಕೆ ಎಷ್ಟು ಸಲ 'ಬಾಸ್' ಅಂತ ಕೇಳಿಸುತ್ತದೆ ಅಲ್ವಾ? ಗೆಳೆಯನೂ ಬಾಸ್, ಆಫೀಸಿನ ಯಜಮಾನರೂ ಬಾಸ್. ಇಂಗ್ಲಿಷಿಗೆ ಈ ಪದ ಬಂದದ್ದು ಅಮೆರಿಕದಿಂದ. ಅಮೆರಿಕಕ್ಕೆ ಅದನ್ನು ಕೊಂಡೊಯ್ದವರು ಡಚ್ಚರು. ಅವರ ಮಾತಿನಲ್ಲಿ ಅದರ ಅರ್ಥ ಒಡೆಯ.

1609ರಲ್ಲಿ ಹೆನ್ರಿ ಹಡ್ಸನ್ ಎಂಬ ನಾವಿಕ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಹೊರಟ. ಹುಡುಕಿದ್ದು ಏಷ್ಯಾದ ದಾರಿ, ಸಿಕ್ಕಿದ್ದು ಇಂದು ಅವನದೇ ಹೆಸರಿರುವ ಹಡ್ಸನ್ ನದಿ. ಆಮೇಲೆ ಡಚ್ಚರು ಮ್ಯಾನ್‌ಹಾಟನ್ ದ್ವೀಪದ ತುದಿಯಲ್ಲಿ ನ್ಯೂ ಆಮ್‌ಸ್ಟರ್‌ಡ್ಯಾಮ್ ಕಟ್ಟಿದರು. 1664ರಲ್ಲಿ ಇಂಗ್ಲಿಷರ ಹಡಗುಗಳು ಬಂದವು. ಡಚ್ಚರ ಆಡಳಿತಗಾರ ಪೀಟರ್ ಸ್ಟೈವೆಸೆಂಟ್ ಯುದ್ಧ ಮಾಡದೆ ಊರನ್ನು ಒಪ್ಪಿಸಿದ. ಅದು ನ್ಯೂಯಾರ್ಕ್ ಆಯಿತು.

ಆದರೆ ಡಚ್ ಜನ ಎಲ್ಲೂ ಹೋಗಲಿಲ್ಲ. ಅವರ ಮನೆಗಳಲ್ಲಿ, ಚರ್ಚುಗಳಲ್ಲಿ ಅದೇ ಮಾತು ಮುಂದುವರಿಯಿತು. ಹಾಲೆಂಡಿನ ಬ್ರೂಕೆಲೆನ್ ಊರಿನ ಹೆಸರು ಬ್ರೂಕ್ಲಿನ್ ಆಗಿ ನಿಂತಿತು. ನಮ್ಮ ಮಕ್ಕಳು ಕೇಳುವ ಕುಕಿ ಕೂಡ ಡಚ್ಚರ ಅಡುಗೆಮನೆಯದೇ. ಅಮೆರಿಕದ ಎಂಟನೆಯ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಹುಟ್ಟಿದ್ದು 1782ರಲ್ಲಿ. ನ್ಯೂಯಾರ್ಕ್ ಇಂಗ್ಲಿಷರ ಕೈಗೆ ಹೋಗಿ ನೂರು ವರ್ಷ ದಾಟಿತ್ತು. ಆದರೂ ಅವರ ತಾಯ್ನುಡಿ ಡಚ್.

'ಮಾಸ್ಟರ್' ಎಂದರೆ ಗುಲಾಮಗಿರಿಯ ವಾಸನೆ ಬರುತ್ತದೆ ಎಂದು ಅಮೆರಿಕದ ಬಿಳಿಯ ಕೆಲಸಗಾರರು 'ಬಾಸ್' ಎನ್ನತೊಡಗಿದರು. ಆದರೆ ಆ ಪದ ತಂದ ಡಚ್ಚರ ಹೊಲಗಳಲ್ಲೂ ಗುಲಾಮರಿದ್ದರು. ಇದನ್ನು ಬಿಟ್ಟು ಈ ಕಥೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

1797ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಡಚ್ ಕುಟುಂಬವೊಂದರ ಗುಲಾಮರಿಗೆ ಇಸಬೆಲ್ಲಾ ಎಂಬ ಮಗಳು ಹುಟ್ಟಿದಳು. ಅವಳಿಗೆ ಬರುತ್ತಿದ್ದದ್ದು ಡಚ್ ಒಂದೇ. ಒಂಬತ್ತು ವರ್ಷಕ್ಕೆ, ಒಂದಷ್ಟು ಕುರಿಗಳ ಜೊತೆ, ನೂರು ಡಾಲರಿಗೆ ಇಂಗ್ಲಿಷ್ ಮಾತಾಡುವ ಮನೆಗೆ ಮಾರಿದರು. ಬಾಣಲೆ ತಾ ಎಂದರೆ ಅರ್ಥವಾಗದೆ, ಪಾತ್ರೆ ತೂಗುಹಾಕುವ ಕೊಕ್ಕೆ ತರುತ್ತಿದ್ದಳಂತೆ ಆ ಮಗು. ಒಡತಿ ಸಿಡಿಮಿಡಿಗೊಳ್ಳುತ್ತಿದ್ದಳು. ಒಂದು ಭಾನುವಾರ ಒಡೆಯ ಕಾಯಿಸಿದ ಕಡ್ಡಿಗಳ ಕಟ್ಟಿನಿಂದ ಹೊಡೆದ. ಆ ಕಲೆಗಳು ಕೊನೆತನಕ ಮಾಯಲಿಲ್ಲ.

ಆಕೆಯೇ ಮುಂದೆ ಸೋಜರ್ನರ್ ಟ್ರೂತ್ ಎಂದು ಹೆಸರಿಟ್ಟುಕೊಂಡು, ಗುಲಾಮಗಿರಿಯ ವಿರುದ್ಧ, ಹೆಂಗಸರ ಹಕ್ಕಿಗಾಗಿ ಊರೂರು ಸುತ್ತಿ ಮಾತಾಡಿದರು. 1851ರಲ್ಲಿ ಒಹಾಯೋದ ಆಕ್ರನ್ ಊರಲ್ಲಿ ನಡೆದ ಹೆಂಗಸರ ಹಕ್ಕಿನ ಸಭೆಯಲ್ಲಿ ಅವರು ಮಾಡಿದ ಭಾಷಣ ಜಗತ್ತಿಗೆಲ್ಲ ಗೊತ್ತು. ಅದನ್ನು ಆಗಲೇ ಒಂದು ಪತ್ರಿಕೆ ಸರಳ ಇಂಗ್ಲಿಷಿನಲ್ಲಿ ಅಚ್ಚು ಹಾಕಿತ್ತು. ಹನ್ನೆರಡು ವರ್ಷದ ನಂತರ, ಆ ಸಭೆಯ ಅಧ್ಯಕ್ಷೆಯಾಗಿದ್ದ ಫ್ರಾನ್ಸಿಸ್ ಗೇಜ್ ಅದನ್ನು ತಮ್ಮ ನೆನಪಿನಿಂದ ಬರೆದರು. ಆಗ ಅಮೆರಿಕದ ದಕ್ಷಿಣ ರಾಜ್ಯಗಳ ಗುಲಾಮರ ಆಡುನುಡಿಯನ್ನು ಟ್ರೂತ್ ಅವರ ಬಾಯಿಗೆ ಹಾಕಿದರು. ಜನರಿಗೆ ನೆನಪುಳಿದದ್ದು ಅದೇ. ಟ್ರೂತ್ ದಕ್ಷಿಣದವರೇ ಅಲ್ಲ. ಅವರು ತಾಯಿಯ ಮಡಿಲಲ್ಲಿ ದೇವರ ಪ್ರಾರ್ಥನೆ ಕಲಿತದ್ದು ಡಚ್ಚಿನಲ್ಲಿ.

ನಮಸ್ಕಾರ.