ಖಾಲಿ ಪುಟಗಳ ಜಾಬ್ ಕಾರ್ಡ್

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ.

ಬೆಳಿಗ್ಗೆ ಎಂಟು ಗಂಟೆಗೆ ವಾರ್ಜೆಯ ಮಜೂರ್ ಅಡ್ಡಾ ನೋಡಿದ್ದೀರಾ? ಕೈಯಲ್ಲಿ ಬುತ್ತಿ ಚೀಲ, ಹೆಗಲ ಮೇಲೆ ಟವೆಲ್. ಒಂದು ಟೆಂಪೋ ನಿಂತರೆ ಇಪ್ಪತ್ತು ಮಂದಿ ಓಡುತ್ತಾರೆ. ಹತ್ತಿಸಿಕೊಳ್ಳುವುದು ನಾಲ್ವರನ್ನು. ಉಳಿದವರು ವಾಪಸ್ ಫುಟ್‌ಪಾತ್‌ಗೆ. ಸ್ವಲ್ಪ ಹೊತ್ತು ಅಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿ ಕಡೆಯವರು ಇರುತ್ತಾರೆ. ಮಹಾರಾಷ್ಟ್ರದ್ದೇ ಆದ ಜತ್ತ, ಅಕ್ಕಲಕೋಟೆಯ ಕನ್ನಡದವರೂ ಇರುತ್ತಾರೆ.

ಹೋದ ತಿಂಗಳು ಅಲ್ಲಿ ಜತ್ತ ಕಡೆಯ ಒಬ್ಬ ಅಕ್ಕನ ಜೊತೆ ಮಾತಾಡಿದೆ. ಹತ್ತು ಗಂಟೆ ದಾಟಿತ್ತು. ಆವತ್ತಿನ ಕೂಲಿ ಹೋದ ಹಾಗೇ. ಊರಲ್ಲಿ ರೋಜಗಾರ ಹಮಿ, ಅಂದರೆ ಸರ್ಕಾರದ ಉದ್ಯೋಗ ಖಾತ್ರಿ ಕೆಲಸ ಸಿಗಲ್ವಾ ಅಂತ ಕೇಳಿದೆ. ಅವರು ಬುತ್ತಿ ಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಜಾಬ್ ಕಾರ್ಡ್. ಮೊದಲ ಪುಟದಲ್ಲಿ ಗಂಡ ಹೆಂಡತಿಯ ಫೋಟೋ. ನೀರು ಬಿದ್ದು ಒಂದು ಮೂಲೆ ಉಬ್ಬಿಕೊಂಡಿದೆ. ಒಳಗಿನ ಪುಟಗಳೆಲ್ಲ ಖಾಲಿ.

“ಇದನ್ನ ಕೊಟ್ಟು ಆರು ವರ್ಷ ಆತ್ರೀ ಅಣ್ಣಾರ. ಕೆಲಸ ಬಂದ್ರ ಕರೀತಾರ ಅಂತ ಕುಂತೀವಿ. ಯಾರೂ ಕರೀಲಿಲ್ಲ” ಅಂದರು.

ಈ ಯೋಜನೆಯಲ್ಲಿ ಯಾರೂ ಕರೆಯುವುದಿಲ್ಲ, ನಾವೇ ಕೇಳಬೇಕು. ಇದು ಆ ಅಕ್ಕನಿಗೆ ಆರು ವರ್ಷ ಗೊತ್ತಿರಲಿಲ್ಲ. ಹೇಳಿದವರೂ ಇಲ್ಲ. ನನಗೆ ಸಂಕಟವಾಗುವುದು ಇಲ್ಲೇ. ಯಾಕಂದ್ರೆ ಈ ಯೋಜನೆಯ ಬೇರು ಇರುವುದೇ ಅವರ ಸಾಂಗಲಿ ಜಿಲ್ಲೆಯಲ್ಲಿ. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆಯವರು 1965ರಲ್ಲಿ ತಾಸಗಾಂವದಲ್ಲಿ ಇದನ್ನು ಮೊದಲು ಮಾಡಿ ನೋಡಿದರು. ಆಮೇಲೆ 1972ರ ಬರ ಬಂತು. ಜಲ್ಲಿ ಖಡಿ ಒಡೆದಿದ್ದು, ಬರದಲ್ಲಿ ಹಂಚಿದ ಸುಕಡಿ ಹಿಟ್ಟು ತಿಂದಿದ್ದು, ಕೆಂಪು ಮಿಲೋ ಜೋಳದ ರೊಟ್ಟಿ ನುಂಗಿದ್ದು, ಆ ಕಡೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. 1973ರ ಬೇಸಿಗೆಯಲ್ಲಿ ರಾಜ್ಯದ ಬರ ಕಾಮಗಾರಿಗಳಲ್ಲಿ 50 ಲಕ್ಷದ ಹತ್ತಿರ ಜನ ದುಡಿಯುತ್ತಿದ್ದರು. 1977ರಲ್ಲಿ ಕಾಯ್ದೆಯಾಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. ಇಡೀ ದೇಶಕ್ಕೆ ಅಂಥ ಕಾಯ್ದೆ ಬಂದಿದ್ದು 2005ರಲ್ಲಿ.

ದುಡ್ಡು ಎಲ್ಲಿಂದ ಬಂತು ಗೊತ್ತಾ? ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ವೃತ್ತಿ ತೆರಿಗೆ ಅಂತ ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ 300 ಹಿಡಿದಿರುತ್ತಾರೆ. ಮಹಾರಾಷ್ಟ್ರದಲ್ಲಿ ಆ ತೆರಿಗೆ ಶುರುವಾಗಿದ್ದೇ ಉದ್ಯೋಗ ಖಾತ್ರಿಗಾಗಿ. ಆಫೀಸಿಗೆ ಹೋಗುವ ನಮಗೂ ಅಡ್ಡಾದಲ್ಲಿ ನಿಂತ ಆ ಅಕ್ಕನಿಗೂ ಇಂಥದ್ದೊಂದು ನಂಟು ಇದೆ.

“ಕೆಲಸ ಇದೆ, ಜನ ಬರಲ್ಲ, ಸೋಮಾರಿಗಳು” ಅನ್ನುವವರು ಜಾಸ್ತಿ. ಊರು, ಮಕ್ಕಳನ್ನು ಬಿಟ್ಟು ಬಂದು ಫುಟ್‌ಪಾತ್ ಮೇಲೆ ನಿಲ್ಲುವವರು ಸೋಮಾರಿಗಳಾ? ಕೂಲಿ ತಡವಾಗುತ್ತದೆ ಅಂತ ಬೇಸತ್ತವರು ಇದ್ದಾರೆ, ಅದು ನಿಜವಾದ ದೂರು. ಆದರೆ ಜತ್ತ, ಅಕ್ಕಲಕೋಟೆಯವರಿಗೆ ಇನ್ನೊಂದು ತೊಡಕು ಇದೆ. ಈ ಅಕ್ಕ ಓದಿದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೇ ಇಯತ್ತೆವರೆಗೆ. ಅರ್ಜಿ ಇರುವುದು ಮರಾಠಿಯಲ್ಲಿ. ಎರಡೂ ಭಾಷೆ ಬರೆಯಲು ಬರುವ ನಾವು ಪುಣೆಯಲ್ಲಿ ಎಷ್ಟು ಜನ ಇದ್ದೇವೆ, ಅಲ್ವಾ?

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಿಮ್ಮ ಮನೆ ಕೆಲಸದವರು, ಸೊಸೈಟಿಯ ವಾಚ್‌ಮನ್, ಪಕ್ಕದ ಸೈಟಿನ ಗೌಂಡಿ ಊರಿಗೆ ಹೊರಟರೆ ಜಾಬ್ ಕಾರ್ಡ್ ಇದೆಯಾ ಅಂತ ಕೇಳಿ. ಇದ್ದರೆ ಕೂತು ಅರ್ಜಿ ಬರೆದುಕೊಡಿ. ಎಂದಿನಿಂದ, ಎಷ್ಟು ದಿನ ಕೆಲಸ ಬೇಕು ಅಂತ ಅದರಲ್ಲಿ ಇರಲಿ. ಪಂಚಾಯಿತಿಯಲ್ಲಿ ಕೊಟ್ಟಾಗ ತಾರೀಖು ಹಾಕಿದ ಪಾವತಿ (ರಸೀದಿ) ಇಸ್ಕೊಳ್ಳದೆ ಬರಬೇಡಿ ಅಂತ ಒತ್ತಿ ಹೇಳಿ. ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅನ್ನುತ್ತದೆ ಕಾಯ್ದೆ. ಆ ಹದಿನೈದು ದಿನ ಎಣಿಸುವುದಕ್ಕೆ ಪಾವತಿಯ ತಾರೀಖು ಬೇಕೇ ಬೇಕು. 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ, ಒಂದು ಕುಟುಂಬಕ್ಕೆ ವರ್ಷಕ್ಕೆ ಇದ್ದ 100 ದಿನದ ಕೆಲಸವನ್ನು 125 ಮಾಡಿತು. ದಿನ ಎಷ್ಟೇ ಆಗಲಿ, ಖಾಲಿ ಜಾಬ್ ಕಾರ್ಡ್ ತಾನಾಗಿ ತುಂಬುವುದಿಲ್ಲ.

ಹೊಸ ಕಾಮಗಾರಿ ಶುರುಮಾಡಲು ಮೊದಲು 50 ಮಂದಿ ಸೇರಬೇಕಿತ್ತು. ಆಮೇಲೆ ಅದು 10ಕ್ಕೆ ಇಳಿಯಿತು. ಅದಕ್ಕೇ ಒಬ್ಬೊಬ್ಬರೇ ಹೋಗುವುದಕ್ಕಿಂತ ಕೂಡಿ ಕೇಳುವುದು ಒಳ್ಳೆಯದು.

ಆವತ್ತು ಫುಟ್‌ಪಾತ್ ಮೇಲೆ ಕೂತು ಆ ಅಕ್ಕನ ಅರ್ಜಿ ಬರೆದೆವು. ಓಣಿಯವರ ಹೆಸರನ್ನೂ ಅವರು ಒಂದೊಂದಾಗಿ ನೆನೆಸಿಕೊಂಡು ಹೇಳಿದರು. ಏಳು ಹೆಸರಾಯಿತು. ಹಾಳೆ ಮಡಚಿ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರು. “ಇನ್ನ ಮೂರು ಮಂದಿ ಬೇಕಲ್ರೀ” ಅಂತ ಎದ್ದು, ಆಚೆ ಬದಿ ಕೂತಿದ್ದ ಹೆಣ್ಣುಮಕ್ಕಳ ಕಡೆ ನಡೆದರು.