ಮೊಳೆ ಎಲ್ಲಿ ಹೊಡೀಲಿ?

ಎಲ್ಲರಿಗೂ ನಮಸ್ಕಾರ. ಬೀದಿಗೆ ಬಂದ ಕಲೆಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಏಳೆಂಟು ಜನ ಗೆಳೆಯರು ಸೇರಿ ಬೆಂಗಳೂರಿನ ಒಂದು ಬಸ್ ಸ್ಟಾಪಿನ ಪಕ್ಕದ ಕಾಂಪೌಂಡ್ ಗೋಡೆಗೆ ಚಿತ್ರ ಬರೆದೆವು. ಉದ್ದೇಶ ಒಳ್ಳೆಯದೇ. ಬಣ್ಣ ಹಚ್ಚುವ ಮೊದಲು ಗೋಡೆ ಕ್ಲೀನ್ ಮಾಡಬೇಕಲ್ವಾ? ಹಳೇ ಪೋಸ್ಟರ್ ಕೆರೆದೆವು. ತುಕ್ಕು ಹಿಡಿದ ಮೊಳೆಗಳನ್ನು ಕಿತ್ತೆವು. ತೂತುಗಳಿಗೆ ಪುಟ್ಟಿ ತುಂಬಿದೆವು. ಮೂರು ದಿನದಲ್ಲಿ ಗೋಡೆ ತುಂಬ ಹಕ್ಕಿಗಳು ಬಂದು ಕೂತವು. ಫೋಟೋ ತೆಗೆದದ್ದೂ ತೆಗೆದದ್ದೇ.

ನಾಲ್ಕನೇ ದಿನ ಅಲ್ಲಿ ಹೂ ಮಾರುವ ಅಮ್ಮ ಬಂದು ಗೋಡೆ ನೋಡಿದರು. "ಚೆನ್ನಾಗೈತೆ ಕಣಪ್ಪ. ಈಗ ನಾನು ಮೊಳೆ ಎಲ್ಲಿ ಹೊಡೀಲಿ?" ಅಂದರು.

ನಾವು ಕಿತ್ತು ಎಸೆದ ಮೊಳೆಗಳೇ ಅವರ ಅಂಗಡಿ. ಮಲ್ಲಿಗೆ, ಕನಕಾಂಬರ, ಸೇವಂತಿಗೆ ಎಲ್ಲ ಅವುಗಳಿಗೇ ನೇತು ಹಾಕುತ್ತಿದ್ದರು. "ಸ್ವಲ್ಪ ಆ ಕಡೆ ಕೂತ್ಕೊಳ್ಳಿ ಅಮ್ಮಾ" ಅಂತ ಮೂರು ದಿನ ಅವರನ್ನು ರಸ್ತೆಯ ಆಚೆ ಬದಿಯ ಬಿಸಿಲಿಗೆ ಕಳಿಸಿದ್ದೆವು. ತುಂಬಾ ಮರ್ಯಾದೆಯಿಂದಲೇ ಕಳಿಸಿದ್ದೆವು, ಅದು ಬೇರೆ ಮಾತು.

ಈ ಥರದ ಕಲೆಯ ಬಗ್ಗೆ ಎರಡು ಪ್ರಶ್ನೆ ಕೇಳುವುದು ರೂಢಿ. ನೋಡೋಕೆ ಚೆನ್ನಾಗಿದೆಯಾ? ಮಾಡಿದ್ದು ಸರಿಯಾ? ಮೊದಲನೆಯದು ಕಲಾವಿದರ ಪ್ರಶ್ನೆ, ಎರಡನೆಯದು ಸಮಾಜಸೇವಕರದ್ದು ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಆ ಮೊಳೆಯ ಮಾತು ಕೇಳಿದ ಮೇಲೆ ಇವೆರಡನ್ನೂ ಬೇರೆ ಬೇರೆಯಾಗಿ ಕೇಳೋಕೆ ನನಗೆ ಬರುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಿಮಗೆಲ್ಲ ಗೊತ್ತಿರುವ ಮೊಸಳೆಯನ್ನೇ ತೆಗೆದುಕೊಳ್ಳೋಣ. 2015ರ ಜೂನ್‌ನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಒಂದು ರಸ್ತೆಗುಂಡಿಗೆ ಮೊಸಳೆ ತಂದು ಬಿಟ್ಟರು. ನಿಜವಾದ ಮೊಸಳೆಯಷ್ಟೇ ದೊಡ್ಡದು, ಸುಮಾರು 20 ಕೆಜಿ ತೂಕ. ಕೈಯಿಂದ ಸುಮಾರು 6,000 ರೂಪಾಯಿ ಹಾಕಿ ಮಾಡಿದ್ದು. ಕೆಲವೇ ದಿನದಲ್ಲಿ ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2 ಇನ್ನೇನು ಇಳಿಯಬೇಕು ಅನ್ನುವ ಹೊತ್ತಿಗೆ, ಹೇರೋಹಳ್ಳಿ ಕಡೆಯ ಒಂದು ರಸ್ತೆಯಲ್ಲಿ ಗಗನಯಾತ್ರಿಯನ್ನು ನಡೆಸಿ ವಿಡಿಯೋ ಮಾಡಿದರು. ಗಗನಯಾತ್ರಿಯ ಸೂಟು ಹಾಕಿದವನು ಗುಂಡಿಗಳ ನಡುವೆ ನಿಧಾನಕ್ಕೆ ಹೆಜ್ಜೆ ಎತ್ತಿಡುತ್ತಾನೆ. ಓಹೋ ಚಂದ್ರ ಅಂತ ನಾವು ನೋಡುತ್ತಿರುವಾಗಲೇ ಪಕ್ಕದಲ್ಲಿ ಒಂದು ಆಟೋ ಬರುತ್ತದೆ. ಅಲ್ಲಿ ನಗು ಬರುತ್ತದೆ.

ಈ ನಗು ಯಾರ ಮೇಲೆ? ಗುಂಡಿಗೆ ಬಿದ್ದವರ ಮೇಲಂತೂ ಅಲ್ಲ. ಆ ರಸ್ತೆಯವರು ನಮ್ಮ ಜೊತೆಗೇ ನಿಂತು ನಗಬಹುದು. ಮುಜುಗರ ಆಗಬೇಕಾದವರಿಗೆ ಮಾತ್ರ ಆಗುತ್ತದೆ. ಮೊಸಳೆಯ ಅಳತೆ ಅಷ್ಟೇ ಇರಬೇಕು, ಆಟೋ ಅದೇ ಕ್ಷಣಕ್ಕೆ ಬರಬೇಕು. ಸ್ವಲ್ಪ ಆಚೀಚೆ ಆದರೂ ಅದು ಸುಮ್ನೆ ಇನ್ನೊಂದು ದೂರು ಅರ್ಜಿ ಆಗಿಬಿಡುತ್ತಿತ್ತು.

ಆದರೂ ನನಗೊಂದು ಕಿರಿಕಿರಿ ಉಳಿದಿದೆ. ಮೊಸಳೆ ಬಂದ ಗುಂಡಿ ಬೇಗ ಮುಚ್ಚುತ್ತದೆ. ಮೊಸಳೆ ಇಲ್ಲದ ಪಕ್ಕದ ಬೀದಿಯ ಗುಂಡಿ ಕಾಯುತ್ತಲೇ ಇರುತ್ತದೆ. ವೈರಲ್ ಆದವರಿಗೆ ಮೊದಲು ಅನ್ನುವ ಕ್ಯೂ ಶುರುವಾಗುತ್ತದೆ. ಇದು ಕಲಾವಿದರ ತಪ್ಪಲ್ಲ. ಆದರೆ ಗುಂಡಿ ಮುಚ್ಚಿತು, ಕಲೆ ಗೆದ್ದಿತು ಅಂತ ನಾವು ಚಪ್ಪಾಳೆ ಹೊಡೆದಾಗ ಆ ಕ್ಯೂ ಇನ್ನಷ್ಟು ಗಟ್ಟಿಯಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಒಂದು ಕೆಲಸ ಛತ್ತೀಸ್‌ಗಢದ ಬಸ್ತಾರ್‌ನಲ್ಲಿ ನಡೆಯಿತು. ಮುಂಬೈಯ ಕಲಾವಿದೆ ನವಜೋತ್ ಅಲ್ತಾಫ್ 1990ರ ದಶಕದ ಕೊನೆಯಿಂದ ಕೊಂಡಗಾಂವ್‌ಗೆ ಹೋಗಿ ಬಂದು ಮಾಡುತ್ತಾ, ಅಲ್ಲಿನ ಕಲಾವಿದರಾದ ಶಾಂತಿಬಾಯಿ, ರಾಜ್‌ಕುಮಾರ್, ಗೆಸ್ಸುರಾಮ್ ಜೊತೆ ಕೆಲಸ ಮಾಡಿದರು. ಅವರು ಕೈಹಾಕಿದ್ದು ಊರಿನ ಬೋರಿನ ಕಟ್ಟೆಗೆ. ಅಲ್ಲಿ ಅದಕ್ಕೆ ನಲ್‌ಪಾರ್ ಅನ್ನುತ್ತಾರೆ. ನೀರು ತರುವವರು ಹೆಂಗಸರು, ಹುಡುಗಿಯರು. ಬಿಂದಿಗೆ ತುಂಬಿದ ಮೇಲೆ ನೆಲದಿಂದ ಒಂದೇ ಸಲ ತಲೆಗೆ ಎತ್ತಬೇಕು. ಎತ್ತಿದವರಿಗೇ ಗೊತ್ತು ಸೊಂಟದ ಕಥೆ. ಕೆಳಗೆ ಚೆಲ್ಲಿದ ನೀರೆಲ್ಲ ಕೆಸರು.

ಕಲಾವಿದರು ಆ ಹೆಂಗಸರ ಜೊತೆ ಕೂತು ಕಟ್ಟೆಯನ್ನೇ ಬೇರೆ ಥರ ಕಟ್ಟಿದರು. ನೀರು ಹರಿದು ಹೋಗೋಕೆ ದಾರಿ. ಸುತ್ತ ಗೋಡೆ, ಅದರ ಮೇಲೆ ಅಲ್ಲಿಯವರದೇ ಆಕಾರಗಳು. ಗೋಡೆಯಲ್ಲಿ ಗೂಡುಗಳು. ತುಂಬಿದ ಬಿಂದಿಗೆಯನ್ನು ಮೊದಲು ಗೂಡಿಗೆ ಇಟ್ಟು, ಉಸಿರು ತೆಗೆದುಕೊಂಡು, ಆಮೇಲೆ ತಲೆಗೆ ಏರಿಸಬಹುದು. ಗೂಡು ಎಷ್ಟು ಎತ್ತರದಲ್ಲಿ ಇರಬೇಕು? ಅದನ್ನು ದಿನಾ ನೀರು ಹೊರುವವಳ ಮೈ ಹೇಳಬೇಕು, ಕಲಾವಿದೆಯ ಕಣ್ಣಿನಿಂದ ಆಗುವ ಕೆಲಸ ಅಲ್ಲ. ಆ ಗೂಡು ಶಿಲ್ಪವೋ, ನ್ಯಾಯವೋ? ನನಗೆ ಬಿಡಿಸಿ ಹೇಳೋಕೆ ಬರುವುದಿಲ್ಲ. ಈ ಗೂಡುಗಳ ಬಗ್ಗೆ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಪುಟ್ಟಿ ತುಂಬಿದ ತೂತುಗಳು. ಅವರು ಇಡೋಕೆ ಜಾಗ ಮಾಡಿದರು. ನಾವು ಇದ್ದದ್ದನ್ನೂ ಮುಚ್ಚಿದೆವು.

ಕಷ್ಟದ ಉದಾಹರಣೆಯೂ ಒಂದಿದೆ. 2000ದಲ್ಲಿ ಸ್ಪೇನಿನ ಸಲಮಾಂಕಾ ಊರಿನಲ್ಲಿ ಸಾಂತಿಯಾಗೊ ಸಿಯೆರ್ರಾ ಅನ್ನುವ ಕಲಾವಿದ ನಾಲ್ಕು ಹೆಂಗಸರನ್ನು ಸಾಲಾಗಿ ಕೂರಿಸಿ, ಅವರ ಬೆನ್ನ ಮೇಲೆ 160 ಸೆಂಟಿಮೀಟರ್ ಉದ್ದದ ಒಂದು ಗೆರೆ ಹಚ್ಚೆ ಹಾಕಿಸಿದ. ಅವರು ವೇಶ್ಯಾವೃತ್ತಿಯಲ್ಲಿದ್ದವರು, ಹೆರಾಯಿನ್ ಚಟ ಅಂಟಿದವರು. ಒಬ್ಬೊಬ್ಬರಿಗೂ ಕೊಟ್ಟ ಕೂಲಿ ಒಂದು ಡೋಸಿನ ಬೆಲೆ. ಲೋಕ ಹೇಗಿದೆಯೋ ಹಾಗೆ ತೋರಿಸಿದ್ದಾನೆ, ನಮಗೆ ಹಿಂಸೆ ಆಗಲೇಬೇಕು ಅಂತ ಅವನ ಪರವಾಗಿ ವಾದ ಮಾಡುವವರಿದ್ದಾರೆ. ನಿಜ, ಆ ಫೋಟೋ ನೋಡಿದರೆ ಮರೆಯೋಕೆ ಆಗಲ್ಲ. ಒಳ್ಳೆಯ ಉದ್ದೇಶ ಇಟ್ಟುಕೊಂಡು ಮಾಡಿದ ಎಷ್ಟೋ ಗೋಡೆಚಿತ್ರ, ನಮ್ಮ ಹಕ್ಕಿಗಳೂ ಸೇರಿ, ಮರುದಿನವೇ ಮರೆತುಹೋಗುತ್ತವೆ. ಒಳ್ಳೆಯತನ ಒಂದೇ ಸಾಕಾಗಲ್ಲ ಅಂತ ಕ್ಲೇರ್ ಬಿಷಪ್ ಥರದ ವಿಮರ್ಶಕರು ಹೇಳುವುದು ಇದಕ್ಕೇ. ಅಲ್ಲಿಯವರೆಗೆ ನನ್ನದೂ ಒಪ್ಪಿಗೆ ಇದೆ.

ಆದರೆ ಗೆರೆ ಯಾರ ಬೆನ್ನ ಮೇಲೆ ಉಳಿಯಿತು? ಫೋಟೋ ಗ್ಯಾಲರಿಗೆ ಹೋಯಿತು. ನಾವು ನೋಡಿ ನೊಂದುಕೊಂಡು ಮನೆಗೆ ಬಂದೆವು. ಚಟದವರಿಗೆ ಡೋಸಿನ ದುಡ್ಡು ತೋರಿಸಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ನಮ್ಮ ಗೋಡೆಗೆ ವಾಪಸ್ ಬರುತ್ತೇನೆ. ಒಂದು ವಾರ ಬಿಟ್ಟು ಅಲ್ಲಿಗೆ ಹೋದೆ. ಸತ್ಯ ಹೇಳಬೇಕು ಅಂದರೆ, ಚಿತ್ರಕ್ಕೆ ಏನಾಗಿದೆಯೋ ಅನ್ನುವ ಗಾಬರಿಯಲ್ಲೇ ಹೋದೆ. ಅಮ್ಮ ಹಳೇ ಜಾಗಕ್ಕೇ ಬಂದು ಕೂತಿದ್ದರು. ನಾಲ್ಕು ಹೊಸ ಮೊಳೆ. ಒಂದು ಮೊಳೆ ಸರಿಯಾಗಿ ಕೊಕ್ಕರೆಯ ಕೊಕ್ಕಿನ ತುದಿಗೆ. ಅಲ್ಲಿಂದ ಮಲ್ಲಿಗೆ ಮಾಲೆ ಇಳಿಬಿದ್ದಿತ್ತು, ಕೊಕ್ಕರೆಯೇ ಕಚ್ಚಿಕೊಂಡು ಬಂದ ಹಾಗೆ. ನಮ್ಮ ಏಳೆಂಟು ಜನರಲ್ಲಿ ಒಬ್ಬರಿಗೂ ಹೊಳೆಯದ ಚಿತ್ರ ಅದು. ಬೇಕು ಅಂತಲೇ ಅಲ್ಲಿ ಹೊಡೆದಿರಾ ಅಮ್ಮಾ ಅಂತ ಕೇಳಿದೆ.

"ಇಲ್ಲಪ್ಪ, ಅಲ್ಲಿ ಪುಟ್ಟಿ ಮೆತ್ತಗಿತ್ತು" ಅಂದರು. "ಎಷ್ಟು ಮೊಳ ಕೊಡಲಿ?"